ಸಾರು ಮಾರಿದವಳು

ಎದುರು ಮನೆಯ ಮುಂದಿನ ಕೋಣೆಗೆ ಹೊಸ ಷಟರ್ ಬಂದಿದೆ. ಜೆರಾಕ್ಸ್ ಅಂಗಡಿ. ಯಂತ್ರದೊಳಗಿನ ಬೆಳಕು ದಿನವಿಡೀ ಅತ್ತಿಂದಿತ್ತ ಓಡಾಡುವುದು ನಮ್ಮ ಹಜಾರದ ಕಿಟಕಿಗೆ ಕಾಣುತ್ತದೆ. ನನಗೂ ಹಾಗೇ ಆಗಿದೆ. ಹನ್ನೊಂದು ಗಂಟೆಯಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಗೇಟಿನ ತನಕ ಹೋಗುತ್ತೇನೆ, ಚಿಲಕ ತೆಗೆಯುತ್ತೇನೆ, ಮತ್ತೆ ಹಾಕಿ ಬರುತ್ತೇನೆ. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಅನ್ನಿಸಿ ಒಳಗೆ ಓಡಿದರೆ ಒಲೆ ಆರಿರುತ್ತದೆ. ಪಾತ್ರೆ ಸ್ಟ್ಯಾಂಡಿನಲ್ಲಿ ಅವಳ ಸ್ಟೀಲ್ ಡಬ್ಬಿ ಹೊಳೆಯುತ್ತಾ ಕೂತಿರುತ್ತದೆ.

ಮುಚ್ಚಳದ ಮೇಲೆ ಅವಳ ಹೆಸರು ಕೊರೆದಿದೆ. ಅದನ್ನು ಇಲ್ಲಿ ಬರೆದರೆ “ಅಯ್ಯೋ ಅಕ್ಕ, ಅದೆಲ್ಲ ಯಾಕೆ” ಎಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಹಾಗಾಗಿ ಬರೆಯುವುದಿಲ್ಲ.

ಅವರು ಪಾವಗಡದಿಂದ ಮಧುಗಿರಿಗೆ, ನಮ್ಮ ಎದುರು ಮನೆಗೆ ಬಂದವರು. ಗಂಡ ಬಸ್ ಕಂಡಕ್ಟರ್. ಟೆಂಪೋದಿಂದ ಸಾಮಾನು ಇಳಿಸಿದ ದಿನ ನಾನು ಮೊದಲು ಗಮನಿಸಿದ್ದು ಅವಳ ಕಾಲನ್ನು. ನಿಂತಾಗಲೂ ಅದು ನಿಲ್ಲುತ್ತಿರಲಿಲ್ಲ. ಹೆಬ್ಬೆರಳು ನೆಲ ಕೆರೆಯುತ್ತಿತ್ತು, ಕಾಲುಂಗುರ ಕಲ್ಲಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಮಧ್ಯಾಹ್ನ ಬೀದಿಗೆ ಬೀದಿಯೇ ಮಲಗಿದ್ದರೆ ಅವಳು ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ.

“ಒಂದು ಗಳಿಗೆ ಮಲಗಬಾರದೇನೇ?” ಎಂದು ಒಂದು ದಿನ ಕೇಳಿದೆ.

“ಕುಂತ್ರೆ ಕಾಲು ನೋಯ್ತದಕ್ಕ. ನಡದ್ರೆ ಏನೂ ಇಲ್ಲ.”

ಆ ಕಾಲಿಗೆ ಒಂದು ಕೆಲಸ ಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಅವರೆಕಾಯಿ ಸುಲಿಯುತ್ತಾ ನಾನು ಜಗಲಿಯಲ್ಲಿ ಕೂತಿದ್ದೆ. ರಸ್ತೆ ದಾಟಿ ಬಂದವಳು, ನಿಂತೇ ಹೇಳಿದಳು.

“ಅಕ್ಕ, ನಮ್ಮ ಮುಂದ್ಲ ರೂಮು ಸುಮ್ನೆ ಬಿದ್ದೈತಲ್ಲ. ಅದ್ರಾಗೆ ಸಾರು ಮಾರ್ತೀನಿ.”

“ಏನು ಮಾರ್ತೀಯ?”

“ಸಾರು. ಬರೀ ಸಾರು. ನಮ್ಮ ಪಾವಗಡ ದಾಟಿ ಆಂಧ್ರದೊಳಕ್ಕೆ ಓದ್ರೆ ಕರ್ರಿ ಪಾಯಿಂಟ್ ಅಂತ ಇರ್ತವೆ. ಅನ್ನ ಮನೇಲೇ ಇಟ್ಕೊಂತಾರೆ, ಬ್ಯಾಳೆ ಪಪ್ಪು, ಉಣಸೆ ಪುಳುಸು ಅಂಗಡೀಲಿ ತಗೊಂಡೋಗ್ತಾರೆ. ಇಲ್ಲಿ ಕೆಲ್ಸಕ್ಕೆ ಓಗೋ ಹೆಣ್ಮಕ್ಳು ಎಷ್ಟ್ ಜನ ಇಲ್ಲ! ಮುದ್ದೆ ತಿರುವಾಕೆ ಎಷ್ಟೊತ್ತು? ಸಾರಿಗೇ ಅಲ್ವಾ ಒತ್ತು ಇಡಿಯಾದು?”

ಮಾತು ಬೀದಿ ತುಂಬ ಹಬ್ಬಿತು. ಮೂಲೆಮನೆಯ ಅಜ್ಜಿ ಕೋಲೂರಿಕೊಂಡು ಬಂದೇಬಿಟ್ಟರು. ಈ ಬೀದಿಯಲ್ಲಿ ಯಾರ ಮನೆಯ ಸಾರಿಗೆ ಏನು ಕಮ್ಮಿ ಎಂದು ಹೇಳುವ ಹಕ್ಕು ಅವರದು.

“ಸಾರು ಮಾರ್ತಾಳಂತೆ! ನಾಳೆ ನೀರೂ ಮಾರ್ತಾಳೆ ಬುಡು.”

“ನೀರು ಆಗ್ಲೇ ಕ್ಯಾನ್‌ನಾಗೆ ತಗೊಂತಿದೀರಲ್ಲ ಅಜ್ಜಿ! ನೀರಿಗೆ ಕಾಸು ಕೊಡೋರು ಸಾರಿಗೆ ಕೊಡಾಕಿಲ್ವಾ?”

ಅಜ್ಜಿ ಕೋಲನ್ನು ಒಮ್ಮೆ ಕುಟ್ಟಿದರು. “ಬಾಯಿ ಐತೆ ಕಣಮ್ಮ ಇವ್ಳಿಗೆ.”

ಬಾಯಿ ಇದ್ದದ್ದು ನಿಜ. ಒಂದೇ ಒಂದು ಮಾತಿಗೆ ಅದು ಕಟ್ಟಿಹೋಗುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು. ಆ ಕೋಣೆಯನ್ನು ಜೆರಾಕ್ಸ್ ಅಂಗಡಿಗೆ ಆಗಲೇ ಯಾರೋ ಕೇಳಿದ್ದರು. “ಯುಗಾದಿ ತನಕ ನಿನಗೆ ಬಿಟ್ಟಿರ್ತೀನಮ್ಮ. ಅಷ್ಟರೊಳಗೆ ಅದರ ಬಾಡಿಗೆ ಅದೇ ದುಡೀಬೇಕು. ಇಲ್ಲದಿದ್ದರೆ ಅವರಿಗೆ ಕೊಡ್ತೀನಿ” ಎಂದರು. ಗಂಡನೂ ಒಂದು ಮಾತು ಸೇರಿಸಿದ್ದ. ಅಂಗಡಿ ನಡೆಯದಿದ್ದರೆ ಅವಳು ಪಾವಗಡಕ್ಕೆ ಹೋಗಿ ಅತ್ತೆಯ ಜೊತೆ ಇರುವುದು, ತಾನೊಬ್ಬ ಇಲ್ಲಿ ಸಣ್ಣ ರೂಮು ಮಾಡಿಕೊಳ್ಳುವುದು.

“ಅತ್ತೆ ಕೆಟ್ಟೋರಲ್ಲಕ್ಕ,” ಎಂದು ಅವಳು ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎರಡು ಸಲ ತಟ್ಟಿದಳು. ಅದು ಅವಳ ಅಭ್ಯಾಸ. “ಆ ಮನೇಲಿ ಸಾರು ಕಾಯ್ಸೋಳು ನಾನು, ಬಡಿಸೋರು ಅತ್ತೆ. ಎಲ್ರೂ ಅತ್ತೆ ಸಾರು ಅಂತ್ಲೇ ಉಣ್ಣಾದು. ಇಷ್ಟು ವರ್ಷದಾಗೆ ಉಪ್ಪು ಸಾಕಾ ಅಂತ ಒಬ್ರೂ ನನ್ನ ಕೇಳಿಲ್ಲ.”

ಅಂಗಡಿ ಶುರುವಾಯಿತು. ಎರಡು ಒಲೆ, ನಾಲ್ಕು ದೊಡ್ಡ ಪಾತ್ರೆ. ಹನ್ನೊಂದು ಗಂಟೆಗೆಲ್ಲ ಸಾರು ತಯಾರು. ಅವರೆಕಾಳು ಸಾರು, ಸೊಪ್ಪಿನ ಬಸ್ಸಾರು, ಅವರ ಕಡೆಯ ಹುಣಸೆಹಣ್ಣು ಕಡ್ಲೆಬೀಜದ ಪುಳುಸು. ಸೌಟಿನ ತುದಿಯಿಂದ ಎಡ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, “ಆಯ್ತಾ? ಆಯ್ತು” ಎಂದು ತನ್ನನ್ನೇ ಕೇಳಿ ತಾನೇ ಉತ್ತರ ಕೊಡುವಳು. ಆಗಲೂ ಕಾಲುಂಗುರ ಟಿಕ್ ಟಿಕ್.

ರುಚಿ ಗೊತ್ತಾಗದೆ ಯಾರು ಬರುತ್ತಾರೆ ಎಂದು ಅವಳೇ ಡಬ್ಬಿಗಳಿಗೆ ತುಂಬಿಕೊಂಡು ಮನೆಮನೆಗೆ ಹೊರಟಳು. ಡಬ್ಬಿಗಳ ಮೇಲೆಲ್ಲ ಅವಳ ಮಾವನ ಹೆಸರು. ನಮ್ಮ ಮನೆಗೆ ಬಸ್ಸಾರು ಬಂತು. ಮುಚ್ಚಳ ತೆಗೆದರೆ ಹಜಾರದಲ್ಲಿದ್ದ ನಮ್ಮ ಯಜಮಾನರು ಪೇಪರ್ ಮಡಚಿಟ್ಟರು.

“ಎಷ್ಟಮ್ಮ?” ಎಂದೆ.

ಅವಳು ಮುಚ್ಚಳ ನೋಡಿದಳು, ನಮ್ಮ ತುಳಸಿ ಗಿಡ ನೋಡಿದಳು. “ಅಯ್ಯೋ, ಬುಡಕ್ಕ, ಆಮ್ಯಾಕೆ ನೋಡಾನ.”

ನಾವು ಬಿಟ್ಟೆವು. ಇಡೀ ಬೀದಿ ಬಿಟ್ಟಿತು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಮಾತುಮಾತಿಗೂ ಥ್ಯಾಂಕ್ಯೂ ಹೇಳಿಸುತ್ತಿದ್ದರು. ಅದೇ ಗುಂಗಿನಲ್ಲಿ ಒಮ್ಮೆ ಪಕ್ಕದ ಮನೆಯ ಅತ್ತೆಗೆ ಥ್ಯಾಂಕ್ಯೂ ಅಂದಿದ್ದಕ್ಕೆ ಅಮ್ಮ ನನ್ನ ತಲೆಗೆ ಮೊಟಕಿ, ಅವರ ಬಟ್ಟಲಿಗೆ ಎರಡು ಬಾಳೆಹಣ್ಣು ಇಟ್ಟು ವಾಪಸ್ ಕಳಿಸಿದ್ದಳು. ನಮ್ಮ ಕಡೆ ಥ್ಯಾಂಕ್ಯೂ ಪಾತ್ರೆಯೊಳಗೆ ಹೋಗುತ್ತದೆ. ಒಂದು ಮನೆಯಿಂದ ಸಾರು ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರುಂಟೇ? ಏನೂ ಇಲ್ಲದಿದ್ದರೆ ತಳಕ್ಕೆ ಒಂದು ಚಮಚ ಸಕ್ಕರೆಯಾದರೂ ಬೀಳಬೇಕು.

ಅವಳ ಡಬ್ಬಿಗಳೂ ಹಾಗೆಯೇ ಹಿಂದಿರುಗಿದವು. ನಮ್ಮ ಮನೆಯದರಲ್ಲಿ ಹಿತ್ತಿಲ ಗಿಡದ ನಿಂಬೆಹಣ್ಣು. ಇನ್ನೊಂದು ಮನೆಯದರಲ್ಲಿ ಅಚ್ಚು ಬೆಲ್ಲ. ಅಜ್ಜಿಯ ಡಬ್ಬಿಯಲ್ಲಿ ಕರಿಬೇವು, ಜೊತೆಗೆ “ಉಳಿ ಒಂಚೂರು ಕಮ್ಮಿ” ಎಂಬ ಅಭಿಪ್ರಾಯ. ಸಾರೆಲ್ಲ ಮುಗಿಯುತ್ತಿತ್ತು, ಹೊಗಳಿಕೆಗೆ ಕೊರತೆಯಿರಲಿಲ್ಲ, ಅಂಗಡಿಯ ಕಿಟಕಿಯ ಮೇಲೆ ನಿಂಬೆಹಣ್ಣುಗಳು ಸಾಲಾಗಿ ಕೂತವು.

ಡ್ಯೂಟಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು ಅವನ್ನೆಲ್ಲ ನೋಡಿದ. ನನಗೆ ಕೇಳಿಸುವಷ್ಟು ಜೋರು ಅವನ ಗಂಟಲು.

“ಏನೇ ಇದು? ಸಾರು ಮಾರ್ತಿದೀಯೋ, ಸಂತೆ ಮಾಡ್ಕಂಡ್ ಬತ್ತಿದೀಯೋ?”

“ಕೇಳಾಕೆ ಬಾಯಿ ಬರಲ್ಲ ಕಣ್ರೀ. ದಿನಾ ಮುಖ ನೋಡೋರು.”

“ಮುಖ ಯಾಕ್ ನೋಡ್ತೀಯ? ಬಸ್ಸಾಗೆ ನಾನು ಹೆಂಗ್ ಕೇಳ್ತೀನಿ? ಕೈ ನೋಡು, ಟಿಕೆಟ್ ಟಿಕೆಟ್ ಅನ್ನು, ಮುಂದಕ್ಕೋಗು. ಮುಖ ನೋಡಿದ್ಯೋ, ಕೆಟ್ಟೆ.”

ಅವಳು ಅಂಗಳದಲ್ಲಿ ನಿಂತು “ಸಾರು ಸಾರು” ಎಂದು ಅಭ್ಯಾಸ ಮಾಡಿ, ನಗು ತಡೆಯಲಾರದೆ ಗೋಡೆಗೆ ಆತುಕೊಂಡದ್ದೂ ಕಾಣಿಸಿತು. ಮರುದಿನ ನಮ್ಮ ಗೇಟಿಗೆ ಬಂದಳು. ಬಿಗಿಯಾಗಿ ನಿಂತಳು. ಗಂಡ ಹೇಳಿಕೊಟ್ಟಂತೆ ನನ್ನ ಕೈಯನ್ನೇ ನೋಡಿದಳು.

“ಅಕ್ಕಾ...”

“ಏನಮ್ಮ?”

“ಬಳೆ ಹೊಸದಾ?”

ಅಷ್ಟು ಹೇಳಿ ಓಡಿಹೋದಳು.

ಆಮೇಲೆ ಕೆಲವು ದಿನ ಅವಳ ನಗು ಕಮ್ಮಿಯಾಯಿತು. ಮೊದಲು ಅಲ್ಲಿಂದ ಇಲ್ಲಿಗೆ ನಡೆಯುತ್ತಿದ್ದವಳು ಈಗ ಅರ್ಧ ದಾರಿಗೆ ನಿಂತು ವಾಪಸ್ ಹೋಗುತ್ತಿದ್ದಳು. ಮಾಲೀಕರು ಮೇಲಿನಿಂದ ಬಗ್ಗಿ ನೋಡಿದರೆ ಒಳಗೆ ಸರಿಯುತ್ತಿದ್ದಳು. ಒಂದು ಮಧ್ಯಾಹ್ನ ಸೆರಗಿನ ತುಂಬ ನಿಂಬೆಹಣ್ಣು ತುಂಬಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತಳು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಕ್ಕ, ಇವೆಲ್ಲ ಇಟ್ಕಳ್ರಿ. ಇನ್ಮ್ಯಾಕೆ ಡಬ್ಬಿ ಖಾಲಿ ಕೊಡ್ರಿ.”

“ಖಾಲಿ ಡಬ್ಬಿ ಹೇಗಮ್ಮ ಕೊಡಲಿ? ಮನೆಗೆ ಒಳ್ಳೇದಲ್ಲ.”

“ನೀವು ಏನಾರ ಆಕಿ ಕೊಟ್ರೆ ಅಲ್ಲಿಗೆ ಸರಿಹೋಯ್ತು ಅಂತ ಆಯ್ತದೆ. ಸರಿಹೋದ್ಮ್ಯಾಕೆ ನಾನು ಹೆಂಗ್ ಕೇಳ್ಲಿ?” ಒಂದು ನಿಂಬೆಹಣ್ಣು ಸೆರಗಿನಿಂದ ಜಾರಿ ಮೆಟ್ಟಿಲಿಳಿದು ಉರುಳಿತು. ಅವಳು ಅದನ್ನೇ ನೋಡುತ್ತಿದ್ದಳು. “ಯುಗಾದಿ ಬಂದ್ಬುಡ್ತದಕ್ಕ.”

ನಾನು ಇಳಿದು ಹೋಗಿ ನಿಂಬೆಹಣ್ಣು ಎತ್ತಿಕೊಂಡು ಬಂದೆ. ನಾವು ಇಷ್ಟು ಜನ, ಇಷ್ಟು ಪ್ರೀತಿಯಿಂದ, ಅವಳ ಅಂಗಡಿ ಮುಚ್ಚಿಸುತ್ತಿದ್ದೆವು.

ಉಪಾಯವನ್ನೂ ಅವಳೇ ಹುಡುಕಿದಳು. ತನ್ನ ಡಬ್ಬಿ ಕೊಟ್ಟರೆ ತಾನೇ ಅದು ವಾಪಸ್ ಬರುವುದು? ಮರುದಿನ ಒಂದು ಬಿಳಿ ಹಲಗೆ, ಒಂದು ಡಬ್ಬ ಪೇಂಟು ತಂದು ನನ್ನ ಮುಂದಿಟ್ಟಳು. “ನಿಮ್ಮ ಪಾತ್ರೆ ನೀವೇ ತನ್ನಿ ಅಂತ ಬರೀರಿ. ಕೆಳಗಡೆ ಡಬ್ಬಿಗೆ ಮೂವತ್ತು ರೂಪಾಯಿ ಅಂತ ಬರೀರಿ. ನನ್ನ ಬಾಯಾಗೆ ಬರ್ದೇ ಇರೋದು ನಿಮ್ಮ ಕೈಯಾಗಾದ್ರೂ ಬರ್ಲಿ.” ಸಿಸ್ಟರ್‌ಗಳು ಕಲಿಸಿದ ದುಂಡು ಅಕ್ಷರ ಕನ್ನಡಕ್ಕೂ ಅಂಟಿಕೊಂಡಿದೆ; ಸಾರಿನ ಬೋರ್ಡು ಶಾಲೆಯ ಬೋರ್ಡಿನಂತೆ ಕಾಣುತ್ತಿತ್ತು.

ಅಂದು ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಖಾಲಿ ಪಾತ್ರೆ ಹಿಡಿದುಕೊಂಡು ಬೀದಿಯಲ್ಲಿ ನಡೆಯುವುದು ಸಣ್ಣ ವಿಷಯವಲ್ಲ. ಎಲ್ಲಿಗೋ ಹೊರಟವರಿಗೆ ಖಾಲಿ ಕೊಡ ಎದುರಾದರೆ ವಾಪಸ್ ಹೋಗಿ ನೀರು ಕುಡಿದು ಕೂತು ಹೊರಡುವ ಊರು ನಮ್ಮದು. ಅದರ ಮೇಲೆ, ಮನೆಯಲ್ಲಿ ಒಂದು ಸಾರು ಮಾಡಲೂ ಬಾರದವಳೇ ಎಂಬ ಮಾತು ಬೇರೆ.

“ಖಾಲಿ ಪಾತ್ರೆ ಇಡ್ಕಂಡು ಬಾಗ್ಲಾಗೆ ನಿಂತ್ಕಳಾಕೆ ನಾವೇನು ತಿರುಪೆ ಎತ್ತೋರಾ?” ಎಂದರು ಅಜ್ಜಿ.

ನಾನು ಹೋದೆ. ಹೋದದ್ದು ಹೇಗೆಂದರೆ, ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಿಕೊಂಡು, ಎರಡೂ ಕಡೆ ನೋಡಿ ರಸ್ತೆ ದಾಟಿದೆ. ಅವಳು ಸೌಟು ಹಿಡಿದೇ ನಕ್ಕಳು. “ಏನಕ್ಕ, ಬೆಕ್ಕಿನ ಮರಿ ಕದ್ಕಂಡ್ ಬರೋರಂಗೆ ಬರ್ತಿದೀರ!”

ಅವಳನ್ನು ಉಳಿಸಿದ್ದು ಹಿಂದಿನ ರಸ್ತೆಯ ಟೀಚರ್. ಶಿರಾದವರು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಒಂದು ಶನಿವಾರ, ಅರ್ಧ ದಿನದ ಸ್ಕೂಲು ಬಿಟ್ಟ ಹೊತ್ತಿಗೆ, ಅವರ ಸ್ಕೂಟರ್ ಬೀದಿಗೆ ತಿರುಗಿತು. ಹ್ಯಾಂಡಲಿಗೆ ಖಾಲಿ ಹಾಲಿನ ಕ್ಯಾನು ತೂಗುಹಾಕಿದ್ದರು. ಮುಚ್ಚಳ ಇಲ್ಲ, ಮರೆ ಇಲ್ಲ. ಪ್ರತಿ ಹಳ್ಳಕ್ಕೂ ಅದು ಢಣ್ ಎನ್ನುತ್ತಾ ಬೀದಿಯ ಎಲ್ಲ ಕಿಟಕಿಗಳನ್ನು ತೆರೆಸಿತು.

“ಜಲ್ದಿ ಹಾಕಮ್ಮಾ, ಮನೇಲಿ ಎಲ್ಲ ತಟ್ಟೆ ಇಟ್ಕೊಂಡು ಕೂತವ್ರೆ. ಎಷ್ಟು?”

ಅವಳು ಸೌಟಿನಿಂದ ಬೋರ್ಡು ತೋರಿಸಿದಳು.

“ಅರೇ, ಓದೋಕೆ ನನಗೂ ಬರ್ತದೆ. ನೀನು ಬಾಯಲ್ಲಿ ಹೇಳು. ನಾನು ಟೀಚರ್ರು, ಬಾಯಿಪಾಠ ಒಪ್ಪಿಸದೆ ಯಾರನ್ನೂ ಬಿಟ್ಟಿಲ್ಲ.”

“ಮೂ... ಮೂವತ್ತು,” ಎಂದಳು ಒಲೆಯ ಕಡೆ ತಿರುಗಿ.

“ಕೊನೇ ಬೆಂಚಿಗೆ ಕೇಳಿಸ್ಲಿಲ್ಲ!”

“ಮೂವತ್ತು ರೂಪಾಯಿ!” ಅಂತ ಅವಳು ಕೂಗಿದ್ದು ನಮ್ಮ ಜಗಲಿಗೂ ಬಂತು. ಮುಖ ಆಗಲೂ ಒಲೆಯ ಕಡೆಗೇ.

ಆಮೇಲೆ ಬ್ಯಾಂಕಿನ ಹುಡುಗಿಯೊಬ್ಬಳು ಬಂದಳು. ಆಸ್ಪತ್ರೆಯ ನರ್ಸು ಬಂದರು. ಬಂದದ್ದೆಲ್ಲ ಬೇರೆ ಬೀದಿಯವರು. ನಮ್ಮ ಬೀದಿ ಕಿಟಕಿಯಿಂದ ನೋಡುತ್ತಿತ್ತು, ಬಾಡಿಗೆ ಅರ್ಧಕ್ಕೆ ನಿಂತಿತ್ತು, ಮಾವಿನ ಮರದಲ್ಲಿ ಚಿಗುರು ಕೆಂಪಗಾಗಿತ್ತು.

ಹಬ್ಬ ಇನ್ನೇನು ಬಂತು ಎನ್ನುವಾಗ ಅವಳು ಗೇಟಿನಿಂದಲೇ ಕೂಗಿದಳು. “ಅಕ್ಕಾ, ಓಳಿಗೆ ಅಂಗಡೀಲಿ ಸಿಗ್ತದೆ. ಓಳಿಗೆ ಸಾರು ಎಲ್ಲಿ ಸಿಗ್ತದೆ?”

ನಾನು ಕೈಯಲ್ಲಿದ್ದ ಕಸಪೊರಕೆ ಕೆಳಗಿಟ್ಟೆ. ಹೋಳಿಗೆ ಸಾರಿಗೆ ಬೇಳೆ ಬೇಯಿಸಿ ಬಸಿದ ಕಟ್ಟು ಬೇಕು, ಸ್ವಲ್ಪ ಹೂರಣ ಬೇಕು. ಮನೆಯಲ್ಲಿ ಹೋಳಿಗೆ ಮಾಡಿದರೆ ಮಾತ್ರ ಅದು ಹುಟ್ಟುತ್ತದೆ. ಈಗ ಅರ್ಧ ಊರು ಹೋಳಿಗೆಯನ್ನು ಪ್ಯಾಕೆಟ್ಟಿನಲ್ಲಿ ತರುತ್ತದೆ, ಹಬ್ಬದ ದಿನ ಟೊಮೇಟೊ ಸಾರು ಕಾಯಿಸಿಕೊಂಡು ಪೆಚ್ಚಾಗಿ ಕೂರುತ್ತದೆ. ಅದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ ಅಷ್ಟೆ.

ಯುಗಾದಿಯ ಬೆಳಗ್ಗೆ ಬೀದಿಗೆಲ್ಲ ಹೋಳಿಗೆ ಸಾರಿನ ಒಗ್ಗರಣೆ ಹರಡಿತು. ತೋರಣದ ಕೆಳಗೆ ಅವಳ ಕಟ್ಟೆಯ ಮೇಲೆ ಪಾತ್ರೆಗಳು ಸಾಲುಗಟ್ಟಿದವು. ಕ್ಯಾನು, ಕುಕ್ಕರ್, ಟಿಫನ್ ಕ್ಯಾರಿಯರ್, ಯಾರದೋ ಪೂಜೆಯ ತಂಬಿಗೆ. ಎಲ್ಲ ಖಾಲಿ, ಎಲ್ಲ ಬಾಯಿ ತೆರೆದುಕೊಂಡು. ಟೀಚರ್ ಎರಡು ಕ್ಯಾನು ತಂದಿದ್ದರು. ಕೊನೆಯಲ್ಲಿ ಹೊಸ ಸೀರೆಯುಟ್ಟು ಅಜ್ಜಿ ಬಂದರು. ಕೈಯಲ್ಲಿ ಹಿತ್ತಾಳೆ ಪಾತ್ರೆ.

“ನಮ್ಮ ಸೊಸೆ ಪ್ಯಾಕೆಟ್ ಓಳಿಗೆ ತಂದವ್ಳೆ. ಕಟ್ಟು ಎಲ್ಲಿಂದ ತರ್ಲವ್ವ ನಾನು? ಆಕು.”

ಅವಳು ಪಾತ್ರೆಯೊಳಗೆ ನೋಡಿದಳು. ತಳದಲ್ಲಿ ಒಂದು ಬೇವಿನ ಹೂ, ಒಂದು ಚೂರು ಬೆಲ್ಲ. ಹಬ್ಬದ ದಿನ ಪಾತ್ರೆ ಖಾಲಿ ತರಲು ಅಜ್ಜಿಗೆ ಕೈಬಂದಿರಲಿಲ್ಲ. ಅವಳು ಬೇವುಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಳು, ಸಾರು ತುಂಬಿದಳು, ಸೌಟು ನೋಡುತ್ತಲೇ ಹೇಳಿದಳು: “ಮೂವತ್ತು ರೂಪಾಯಿ, ಅಜ್ಜಿ.”

ಅಜ್ಜಿ ಸೊಂಟದ ಎಲೆಚೀಲ ಬಿಚ್ಚಿದರು. ಮೇಲೆ ಮಾಲೀಕರು ಟವೆಲ್ ಹೆಗಲಿಗೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಕೋಣೆ ಅವಳಿಗೇ ಉಳಿಯಿತು.

ಆಮೇಲೊಂದು ದಿನ ಪಾತ್ರೆ ಅಂಗಡಿಯಿಂದ ಹೊಸ ಡಬ್ಬಿಗಳನ್ನು ತಂದಳು. ಹೆಸರು ಕೊರೆಯುವವನು “ಯಜಮಾನ್ರ ಹೆಸ್ರು ಹೇಳಮ್ಮ” ಅಂದನಂತೆ. ಇವಳು ತನ್ನದು ಹೇಳಿದಳಂತೆ. ಒಂದು ಮುಚ್ಚಳ ತಂದು ನನಗೆ ತೋರಿಸಿದಳು. ಅಕ್ಷರದ ಸಂದಿಯಲ್ಲಿ ಸ್ಟೀಲಿನ ಪುಡಿ ಇನ್ನೂ ಮಿನುಗುತ್ತಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಉಜ್ಜುತ್ತಲೇ ಇದ್ದಳು.

ಹೀಗೇ ನಡೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದಾಗ ಗಂಡನಿಗೆ ಪಾವಗಡ ಡಿಪೋಗೆ ವರ್ಗವಾಯಿತು. ಹೊರಡುವ ದಿನ ಅವಳು ಬೀದಿಯ ಪ್ರತಿ ಮನೆಗೂ ತನ್ನ ಹೆಸರಿನ ಡಬ್ಬಿಯಲ್ಲೇ ಸಾರು ತಂದುಕೊಟ್ಟಳು. ನಾನು ಅಭ್ಯಾಸಬಲದಿಂದ ಪರ್ಸ್ ತೆಗೆದೆ. ನನ್ನ ಕೈ ಹಿಡಿದುಕೊಂಡಳು. “ಇದು ವ್ಯಾಪಾರ ಅಲ್ಲಕ್ಕ.” ನಾವು ಡಬ್ಬಿ ತೊಳೆಯುವಷ್ಟರಲ್ಲಿ ಟೆಂಪೋ ತಿರುವು ದಾಟಿತ್ತು.

ವ್ಯಾಪಾರ ಅಲ್ಲದ ಮೇಲೆ ಹಳೆಯ ನಿಯಮವೇ ಬಂತಲ್ಲ. ಡಬ್ಬಿ ಖಾಲಿ ಕೊಡುವಂತಿಲ್ಲ. ಏನು ಹಾಕಲಿ? ಸಕ್ಕರೆ ಹಾಕಿದೆ, ತೆಗೆದೆ. ನಿಂಬೆಹಣ್ಣು ಇಟ್ಟೆ, ಅವಳು ಸೆರಗಿನಿಂದ ಸುರಿದದ್ದು ನೆನಪಾಗಿ ಅದನ್ನೂ ತೆಗೆದೆ. “ಆ ಡಬ್ಬಿಯನ್ನು ದಿನಕ್ಕೆ ಎಷ್ಟು ಸಲ ತೆಗೆದು ಮುಚ್ತೀಯ?” ಎಂದು ಯಜಮಾನರು ಕೇಳುವಂತಾಯಿತು.

ಕಳೆದ ವಾರ ಅವಳ ಫೋನ್ ಬಂತು. “ಬಸ್‌ಸ್ಟ್ಯಾಂಡ್ ಇಂದ್ಗಡೆ ರೂಮು ಇಡ್ದಿದೀನಕ್ಕ. ನೀವು ಬರ್ದಿದ್ದ ಬೋರ್ಡೇ ಆಕಿದೀನಿ. ಆದ್ರೆ ಏಂ ಚೇಸೇದಿ, ಏನ್ ಮಾಡಾದು? ಇದು ನಮ್ಮೂರಲ್ವಾ! ಬರೋರೆಲ್ಲ ನೆಂಟ್ರೇ, ಪಿನ್ನಮ್ಮ, ವದಿನ, ಅತ್ತೆ ಕಡೇರು. ನಿನ್ನ ಡಬ್ಬೀಲೇ ಆಕ್ಕೊಡೇ ಅಂತಾರೆ. ವಾಪಸ್ ಕಡ್ಲೆಕಾಯಿ ಬರ್ತದೆ.” ನಕ್ಕಳು. ಫೋನಿನೊಳಗೆ ಉಗುರು ಮುಚ್ಚಳಕ್ಕೆ ತಟ್ಟುವುದು ಕೇಳಿಸುತ್ತಿತ್ತು, ಎರಡಕ್ಕೇ ನಿಲ್ಲುತ್ತಿರಲಿಲ್ಲ. “ದೀಪಾವಳಿ ತನ್ಕ ನೋಡು, ಆಗ್ದಿದ್ರೆ ಪಾತ್ರೆಯೆಲ್ಲ ಅಟ್ಟಕ್ಕಾಕು ಅಂದವ್ರೆ ಅತ್ತೆ. ಬಾಗ್ಲಾಗೇ ಕುರ್ಚಿ ಆಕ್ಕಂಡ್ ಕುಂತಿರ್ತಾರೆ. ಅವ್ರ ಮುಂದೆ ಯಾರತ್ರ ಕೇಳ್ಲಿ?”

ಶನಿವಾರ ನಾನು ಒಬ್ಬಳೇ ಪಾವಗಡದ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದೆ, ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ ನನ್ನ ಕೈಯನ್ನೇ ನೋಡಿ ಮುಂದೆ ಹೋದ. ಡಬ್ಬಿ ಬ್ಯಾಗಿನೊಳಗಿತ್ತು. ಮಿಡಿಗೇಶಿ ದಾಟುವವರೆಗೂ ವಾಪಸ್ ಇಳಿದುಬಿಡಲೇ ಎಂದು ಯೋಚಿಸುತ್ತಲೇ ಇದ್ದೆ. ನನ್ನ ಕಾಲು ಬಸ್ಸಿನ ತಗಡಿಗೆ ತಟ್ಟುತ್ತಿತ್ತು.

ಪಾವಗಡದಲ್ಲಿ ಇಳಿದು, ಬೆಟ್ಟದ ಮೇಲಿನ ಕೋಟೆಗೆ ಬೆನ್ನು ಮಾಡಿ ನಿಂತು, ಡಬ್ಬಿಯನ್ನು ಹೊರಗೆ ತೆಗೆದೆ. ಮುಚ್ಚಳ ತೆಗೆದು ಬ್ಯಾಗಿಗೆ ಹಾಕಿದೆ. ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಡೆದೆ. ಬೈಕ್ ಹೊರಡಿಸಲಿದ್ದ ಒಬ್ಬರು ನನ್ನನ್ನು ಕಂಡು ಎಂಜಿನ್ ಆರಿಸಿದರು. ಸೆರಗು ತಾನಾಗಿ ಮುಂದೆ ಬರುತ್ತಿತ್ತು; ಹಿಂದಕ್ಕೆ ಎಸೆದುಕೊಂಡೆ.

ನನ್ನ ದುಂಡು ಅಕ್ಷರ ದೂರದಿಂದಲೇ ಕಂಡಿತು. ಬಾಗಿಲಲ್ಲಿ ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಬೆಂಚಿನ ಮೇಲೆ ಇಬ್ಬರು ಹೆಂಗಸರು ತೆಲುಗಿನಲ್ಲಿ ಹರಟುತ್ತಿದ್ದರು. ಒಬ್ಬಳ ಮಡಿಲಲ್ಲಿ ವಾಪಸ್ ಕೊಡಲು ತಂದ ಅವಳ ಡಬ್ಬಿ.

“ಅಯ್ಯೋ, ಅಕ್ಕಾ!” ಎಂದು ಅವಳು ಸೌಟು ಬಿಟ್ಟು ಓಡಿಬರಲು ನೋಡಿದಳು.

ಮೆತ್ತಗೆ ಮಾತಾಡಲು ಕಲಿತ ಗಂಟಲು ನನ್ನದು. ಅದು ಅಷ್ಟು ದೊಡ್ಡದಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. “ಒಂದು ಡಬ್ಬಿ ಸಾರು ಹಾಕಮ್ಮ. ಎಷ್ಟು?”

ಹರಟೆ ನಿಂತಿತು. ಅವಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ತುಂಬಿದಳು. ನಾನು ಕೊಟ್ಟ ಮುಚ್ಚಳ ಹಾಕಿ ಎರಡು ಸಲ ತಟ್ಟಿದಳು. “ಅಕ್ಕ, ನಿಮ್ಮತ್ರ...” ಎಂದು ಶುರುಮಾಡಿದಳು.

“ಬಾಯಲ್ಲಿ ಹೇಳು.”

ಅವಳು ಕುರ್ಚಿಯ ಕಡೆ ನೋಡಿದಳು. ಸೌಟು ನೋಡಿದಳು. ಆಮೇಲೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ಕಾಲುಂಗುರದ ಸದ್ದು ನಿಂತಿತ್ತು.

“ಮೂವತ್ತು ರೂಪಾಯಿ.”

ಕೊಟ್ಟೆ. ಅವಳು ತೆಗೆದುಕೊಂಡಳು. ನಾನು ಅಲ್ಲೇ ಮುಚ್ಚಳ ತೆಗೆದು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, “ಉಪ್ಪು ಸರಿಯಾಗಿದೆ” ಎಂದೆ. ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಬೆಂಚಿನ ಮೇಲಿದ್ದ ಹೆಂಗಸು ಯಾರ ಕಡೆಯೂ ನೋಡದೆ ತನ್ನ ಮಡಿಲ ಡಬ್ಬಿಯ ಮುಚ್ಚಳ ತೆಗೆದಳು. ಅದರೊಳಗಿದ್ದ ಕಡ್ಲೆಕಾಯಿಯನ್ನು ಮೆಲ್ಲಗೆ, ಸದ್ದಾಗದಂತೆ, ತನ್ನ ಸೆರಗಿಗೆ ಸುರಿದುಕೊಂಡಳು.